ಅವನು ಮನೆ ಮುಟ್ಟುವ ತನಕ

ಪುಸ್ತಕದ ಬೆನ್ನು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಳೆಯ ಮೂಲೆ ಮಡಚುವವರನ್ನು ಬೇಕಾದರೆ ಬಿಟ್ಟೇನು, ಬೆರಳಿಗೆ ಉಗುಳು ಹಚ್ಚಿಕೊಂಡು ಹಾಳೆ ತಿರುವುವವರನ್ನೂ ಹಲ್ಲು ಕಚ್ಚಿ ಸಹಿಸಿಯೇನು. ಆದರೆ ತೆರೆದ ಪುಸ್ತಕವನ್ನು ಬೋರಲು ಹಾಕಿ ಎದ್ದು ಹೋಗುವವರಿಗೆ ನನ್ನ ಹತ್ತಿರ ಮಾಫಿ ಇಲ್ಲ. ಸಿಂದಗಿಯಲ್ಲಿ ಬಹಳ ವರ್ಷ, ಆಮೇಲೆ ಇಂಡಿಯಲ್ಲಿ ಕೆಲವು ವರ್ಷ ಗ್ರಂಥಪಾಲಕನ ಕುರ್ಚಿಯಲ್ಲಿ ಕೂತು ನಾನು ಸಂಪಾದಿಸಿದ ಹೆಸರೆಂದರೆ ಜಗಳಗಂಟ ಎಂಬುದೊಂದೇ. ಅಂಥ ನಾನು ಈಗ ಬರೆಯಲು ಕೂತಿರುವುದು ನನ್ನ ಕಪಾಟಿನ ಅತಿ ಹೆಚ್ಚು ಪುಸ್ತಕಗಳ ಬೆನ್ನು ಮುರಿದ ಹೆಣ್ಣುಮಗಳ ಬಗ್ಗೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅಂದಿನಿಂದ ಬರೆಯಬೇಕು ಬರೆಯಬೇಕು ಎಂದು ಒಂದೇ ಸಮನೆ ಅನಿಸುತ್ತಿದೆ.

ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಬಾಯಾರು ಎಂದು, ನಮ್ಮ ಕಡೆ ನರ್ಸಮ್ಮನಿಗೆ ಹೀಗೇ ಅನ್ನುವುದು. ನಾನೂ ಹಾಗೇ ಕರೆಯುತ್ತೇನೆ. ಕನ್ನೊಳ್ಳಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಸಿಂದಗಿಯಲ್ಲಿ ಮನೆ ಮಾಡಿಕೊಂಡಿದ್ದರು. ಗಂಡ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಎತ್ತರದ ಆಳು, ಗಂಡಸರ ಹಾಗೆ ದಾಪುಗಾಲು, ಮಾತು ಬಡಿಗೆಯ ಏಟು. ಬಜಾರಿನಲ್ಲಿ ನಡೆದು ಹೊರಟರೆ ಮೀಸೆ ತಿರುವುವ ಗಂಡಸರೂ ಬದಿಗೆ ಸರಿದು ನಮಸ್ಕಾರ ಮಾಡುತ್ತಿದ್ದರು. ಯಾಕೆಂದರೆ ಅವರಲ್ಲಿ ಬಹಳ ಮಂದಿ ಹುಟ್ಟಿ ಮೊದಲು ಬಿದ್ದದ್ದು ಬಾಯಾರ ಕೈಯಲ್ಲೇ. "ಏನೋ, ಹೊಟ್ಟಿ ಬಂದೈತಿ, ಹೊಲಕ್ಕ ಹೋಗೂದು ಬಿಟ್ಟಿ ಏನು?" ಎಂದು ನಡುಬೀದಿಯಲ್ಲೇ ವಿಚಾರಿಸಿಕೊಳ್ಳುವರು. ಉತ್ತರಕ್ಕೆ ಕಾಯುವ ರೂಢಿ ಇರಲಿಲ್ಲ.

ಅವರು ನನಗೆ ಪರಿಚಯವಾದದ್ದು ಜಗಳದಿಂದಲೇ. ಆಗ ನಮ್ಮಲ್ಲಿ ಒಂದು ಕಾದಂಬರಿ ಸರಣಿ ಬರುತ್ತಿತ್ತು. ಭೀಮಶಿ ಎಂಬ ಲಾರಿ ಡ್ರೈವರನ ಕತೆ. ಈ ಭೀಮಶಿ ಹತ್ತಿ ತುಂಬಿಕೊಂಡು, ಉಳ್ಳಾಗಡ್ಡಿ ತುಂಬಿಕೊಂಡು ಊರೂರು ತಿರುಗುವ ಬಡ ಪ್ರಾಣಿ. ಸುಮ್ಮನೆ ಗಾಡಿ ಓಡಿಸಿಕೊಂಡು ಹೋದರೆ ಅವನಿಗೆ ಯಾವ ತಾಪತ್ರಯವೂ ಇಲ್ಲ. ಆದರೆ ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ ಸಾಕು, ಗಾಡಿ ನಿಲ್ಲಿಸುತ್ತಾನೆ. ನಿಲ್ಲಿಸಿದನೋ, ಆಯಿತು. ಯಾರದೋ ಕಳವು ಇವನ ತಲೆಗೆ, ಯಾರದೋ ಹೊಡೆತ ಇವನ ಬೆನ್ನಿಗೆ. ಒಂದು ಕಡೆ ಬಾವಿಗೆ ಬೀಳುತ್ತಾನೆ, ಇನ್ನೊಂದು ಕಡೆ ಜೈಲು ಸೇರುತ್ತಾನೆ. ಊರಲ್ಲಿ ಮುದುಕಿ ಸೋದರತ್ತೆಯೊಬ್ಬಳು ರೊಟ್ಟಿ ಮಾಡಿಟ್ಟುಕೊಂಡು ಕಾಯುತ್ತಿರುತ್ತಾಳೆ, ಇವನು ಮಾತ್ರ ಮನೆ ಮುಟ್ಟುವುದೇ ಇಲ್ಲ. ನನಗೆ ಅಂಥ ಕತೆ ಹಿಡಿಸುವುದಿಲ್ಲ, ಖರೆ ಹೇಳುತ್ತೇನೆ. ಆದರೆ ಓದುಗರು ಮುಗಿಬೀಳುತ್ತಿದ್ದರು.

ಬಾಯಾರು ಮೊದಲನೆಯ ಭಾಗ ಒಯ್ದು ಮರಳಿ ತಂದಾಗ ಅದರ ಬೆನ್ನು ನಾಲ್ಕು ಕಡೆ ಬಿರಿದಿತ್ತು. ಹೊಸ ಪುಸ್ತಕ. ನನಗೆ ತಡೆಯಲಾಗಲಿಲ್ಲ.

"ಬಾಯಾರ, ಇದೇನ್ರಿ ಇದು? ಪುಸ್ತಕಾನೋ, ಹಪ್ಪಳಾನೋ?"

"ಬೋರಲ ಹಾಕಿದ್ದೆ."

"ಯಾಕ ಬೋರಲ ಹಾಕಬೇಕು? ನಡಕ ಒಂದು ಕಾಗದಾ ಇಟ್ಟು ಮುಚ್ಚಾಕ ಏನಾಗಿತ್ತು?"

ಬಾಯಾರು ನನ್ನನ್ನು ತಿಳಿಗೇಡಿಯನ್ನು ನೋಡುವ ಹಾಗೆ ನೋಡಿದರು. "ಅಂವ ಬಾವ್ಯಾಗ ಇದ್ದಾಗ ಮುಚ್ಚಂತೀ ಏನು? ಒಲಿ ಮ್ಯಾಲೆ ಬ್ಯಾಳಿ ಉಕ್ಕಾಕತ್ತಿತ್ತು, ಏಳಬೇಕಾತು. ಮುಚ್ಚಿ ಎದ್ದಿದ್ರ ನಾ ಬರೂತನಕ ಅಂವ ಅಲ್ಲೇ ಕತ್ತಲ್ಯಾಗ ಕೂಡಬೇಕು. ತೆರದಿಟ್ರ ಗಾಳಿ ಆದ್ರೂ ಆಡತೈತಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ.

ಆಮೇಲೆ ಒಂದು ದಿನ, ಜಗಳ ಸ್ನೇಹಕ್ಕೆ ತಿರುಗಿದ ಮೇಲೆ, ಅದರ ಮೂಲ ತಿಳಿಯಿತು. ಬಾಯಾರ ತವರು ಹಲಸಂಗಿಯ ಕಡೆಯ ಒಂದು ಹಳ್ಳಿ. ತಂದೆ ಶ್ರಾವಣದಲ್ಲಿ ಮಠದ ಪಡಸಾಲೆಯಲ್ಲಿ ಪುರಾಣ ಓದುವವರು. ಅಲ್ಲಿ ಒಂದು ಕಟ್ಟುಪಾಡು ಇತ್ತು. ಕತೆಯಲ್ಲಿ ಯಾರಾದರೂ ಕಷ್ಟದಲ್ಲಿರುವಾಗ ಅಂದಿನ ಓದನ್ನು ನಿಲ್ಲಿಸುವ ಹಾಗಿಲ್ಲ. ಅಡವಿಗೆ ಹೋದವರು ಒಂದು ನೆಲೆಗೆ ಬರಬೇಕು, ಕಳೆದ ಕೂಸು ತಾಯಿಯ ಕೈ ಸೇರಬೇಕು, ಆಮೇಲೆಯೇ ಪುರಾಣ ಮುಚ್ಚಿ ಮಂಗಳಾರತಿ. ಒಮ್ಮೆ ಒಂದು ವನವಾಸ ಬಹಳ ಉದ್ದವಾಗಿ, ಕೇಳುವವರ ದನಗಳು ಕೊಟ್ಟಿಗೆಯಲ್ಲಿ ಮೇವಿಲ್ಲದೆ ಕೂಗುತ್ತಿದ್ದರೂ ಒಬ್ಬರೂ ಏಳಲಿಲ್ಲವಂತೆ. "ನಾವು ಎದ್ದು ಮನೀಗಿ ಹೋಗಿ ಬಿಸಿ ಅನ್ನಾ ಉಣ್ಣೂದು, ಅವರು ಮರುದಿನದ ತನಕ ಅಡವ್ಯಾಗ ನಿಂದರೂದು ಅಂದ್ರ ಹ್ಯಾಂಗೋ ತಮ್ಮಾ?" ಎಂದರು ಬಾಯಾರು. ಪುರಾಣಕ್ಕಾದರೆ ಸರಿ, ಪುರಾಣದವರು ಬೇಗ ಒಂದು ನೆಲೆಗೆ ಬರುತ್ತಾರೆ. ಈ ಭೀಮಶಿಗೆ ನೆಲೆ ಎಂಬುದೇ ಇಲ್ಲವಲ್ಲ! ಬಾವಿಯಿಂದ ಎತ್ತಿದವರೇ ಅವನನ್ನು ಕಳ್ಳನೆಂದು ಹಿಡಿಯುತ್ತಾರೆ. ಹಾಗಾಗಿ ಬಾಯಾರಿಗೆ ಪುಸ್ತಕ ಮುಚ್ಚುವ ಜಾಗವೇ ಸಿಗುತ್ತಿರಲಿಲ್ಲ. ಪುಸ್ತಕದ ಬೆನ್ನು ಎಲ್ಲೆಲ್ಲಿ ಬಿರಿದಿದೆ ನೋಡಿ ಭೀಮಶಿಗೆ ಎಲ್ಲೆಲ್ಲಿ ಕೇಡು ಬಂದಿದೆ ಎಂದು ನಾನು ಓದದೆಯೇ ಹೇಳಬಲ್ಲವನಾದೆ.

ಓದುವಾಗ ಅವರನ್ನು ನೋಡಬೇಕು. ಸಿಂದಗಿಯ ಗ್ರಂಥಾಲಯದ ಗೋಡೆಯ ಮೇಲೆ 'ಗದ್ದಲ ಮಾಡಬೇಡಿ' ಎಂದು ನಾನೇ ದೊಡ್ಡ ಅಕ್ಷರದಲ್ಲಿ ಬರೆಸಿದ ಫಲಕ. ಅದರ ಕೆಳಗೇ ಕೂತು, "ಇಳೀಬ್ಯಾಡೋ ಖೋಡಿ, ಇಳೀಬ್ಯಾಡ! ಅಕಿ ಮಾರಿ ನೋಡಿದ್ರ ತಿಳಿಯೂದಿಲ್ಲೇನು ನಿನಗ?" ಎಂದು ಒದರುವರು. ಪೇಪರ್ ಓದುತ್ತಿದ್ದ ಮುದುಕರು ಬೆಚ್ಚಿಬಿದ್ದು ಕನ್ನಡಕ ಹುಡುಕಿಕೊಳ್ಳುವರು. ಕೈ ನಡುಗುತ್ತಿರುತ್ತಿತ್ತು. ಹಣೆಯಲ್ಲಿ ಬೆವರು. ನೀರು ಕೊಟ್ಟರೆ ಲೋಟ ಹಲ್ಲಿಗೆ ಬಡಿದು ಟಕಟಕ ಎನ್ನುತ್ತಿತ್ತು.

ಅದೇ ಕೈ ಇನ್ನೊಂದು ಸಂದರ್ಭದಲ್ಲಿ ಹೇಗಿತ್ತು ಎಂದು ನನ್ನ ತಲೆಗೇ ಗೊತ್ತು. ಒಮ್ಮೆ ಮೇಲಿನ ಕಪಾಟಿನಿಂದ ಪುಸ್ತಕ ತೆಗೆಯಲು ಹೋಗಿ ಏಣಿಯ ಸಮೇತ ಬಿದ್ದೆ. ತಲೆ ಒಡೆದು ಅಂಗಿ ಎಲ್ಲ ರಕ್ತ. ನಮ್ಮ ಗ್ರಂಥಾಲಯದ ಸಿಪಾಯಿ ಹೌಹಾರಿ ಹೊರಗೆ ಓಡಿದ. ಅಷ್ಟೊತ್ತಿಗೆ ಬಾಯಾರು ಬಂದರು. ಬಂದವರೇ ಚೀಲದಿಂದ ಸ್ವಚ್ಛ ಬಟ್ಟೆ ತೆಗೆದು, ಗಾಯದ ಮೇಲೆ ಅಂಗೈ ಒತ್ತಿ ಹಿಡಿದು ಕೂತರು. ಕೈ ಒಂದಿಷ್ಟೂ ಅಲುಗಲಿಲ್ಲ. ನಾನು "ಅಯ್ಯೋ ಯವ್ವಾ" ಎನ್ನುತ್ತಿದ್ದರೆ, "ಒದರಬ್ಯಾಡ. ಉಸಿರು ಐತಿ, ಮಾತು ಐತಿ, ನಿನಗೇನ ಆಗೇತಿ ಧಾಡಿ?" ಎಂದರು. ಮುಂದಿನ ಮಾತು, "ಮೂರನೇ ಭಾಗ ಬಂತೇನು?"

"ಬಾಯಾರ, ನಾ ಸಾಯಾಕತ್ತೇನಿ!"

"ನೀ ಸಾಯೂದಿಲ್ಲ. ಅಂವ ಅಲ್ಲಿ ಪೊಲೀಸರ ಕೈಯಾಗ ಸಿಕ್ಕಾನ. ಬಂತೇನು, ಹೇಳು."

ನನಗೆ ಆ ಹೊತ್ತಿಗೆ ಸಿಟ್ಟು ಬಂತು. ಈಗ ನೆನೆದರೆ ನಗು ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ.

ಅವರ ತಮ್ಮ ಬಸವನ ಬಾಗೇವಾಡಿಯಲ್ಲಿ ಇದ್ದ. ಒಂದು ನಾಗರಪಂಚಮಿಗೆ ತಮ್ಮನ ಮನೆಗೆಂದು ಡಬ್ಬಿ ತುಂಬ ಉಂಡಿ ಕಟ್ಟಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದರು, ನಡುವೆ ಬಾಗೇವಾಡಿಯಲ್ಲಿ ಇಳಿಯಬೇಕು. ಕೈಯಲ್ಲಿ ಭೀಮಶಿ. ತಮ್ಮ ಸ್ಟ್ಯಾಂಡಿಗೆ ಬಂದು ಕಾದದ್ದೇ ಕಾದದ್ದು. ಬಸ್ಸು ಬಂತು, ನಿಂತಿತು, ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು, ಅವನು ಕೈ ಬೀಸಿದ, ಬಸ್ಸು ಅಕ್ಕನ ಸಮೇತ ಹೊರಟೇಹೋಯಿತು. ಉಂಡಿ ಮುದ್ದೇಬಿಹಾಳದಲ್ಲಿ ಮಗಳ ಮನೆ ಸೇರಿದವು. ತಮ್ಮ ಫೋನ್ ಮಾಡಿ ಬಯ್ದರೆ ಇವರದು ಒಂದೇ ಮಾತು: "ಬಾಗೇವಾಡಿ ಬಂದಾಗ ಭೀಮಶೀನ ಕಂಬಕ್ಕ ಕಟ್ಟಿ ಹೊಡ್ಯಾಕತ್ತಿದ್ರೋ. ಹ್ಯಾಂಗ ಇಳೀಲಿ?" ಆ ತಮ್ಮ ಇವತ್ತಿಗೂ ಆ ಉಂಡಿಯ ಮಾತು ಎತ್ತುತ್ತಾನೆ.

ಇನ್ನೊಮ್ಮೆ ಮಗಳ ಜೊತೆ ಸೋಲಾಪುರಕ್ಕೆ ಸೀರೆ ತರಲು ಹೋದಾಗ ಝಳಕಿಯಲ್ಲಿ ಚಹಾಕ್ಕೆ ಇಳಿದರಂತೆ. ರಸ್ತೆಯ ಬದಿಗೆ ಉದ್ದಕ್ಕೂ ಲಾರಿಗಳು. ಬಾಯಾರು ಚಹಾ ಬಿಟ್ಟು ಒಂದೊಂದು ಲಾರಿಯ ಮುಂದೆ ನಿಂತು ಕ್ಯಾಬಿನ್ನಿನ ಒಳಗೆ ಇಣುಕುತ್ತಾ ನಡೆದರು. ಮಗಳು "ಯಾರನ್ನ ಹುಡಕತಿ ಅವ್ವಾ?" ಎಂದರೆ, "ಯಾರನ್ನೂ ಇಲ್ಲ. ಸುಮ್ಮ ನೋಡಿದೆ" ಎಂದರಂತೆ. ಮಗಳಿಗೆ ಆ ದಿನ ಹೆದರಿಕೆಯಾಗಿತ್ತು, ಅವಳೇ ನನಗೆ ಹೇಳಿದ್ದು.

ಎಲ್ಲಕ್ಕಿಂತ ದೊಡ್ಡ ರಾಮಾಯಣ ಆದದ್ದು ಮೂರನೆಯ ಭಾಗದಲ್ಲಿ, ಭೀಮಶಿ ಜೈಲಿಗೆ ಹೋದಾಗ. ಪುಸ್ತಕ ಮುಂದೆ ಓದಲು ಧೈರ್ಯ ಸಾಲದೆ ಬಾಯಾರು ಶನಿವಾರ ಹಣಮಪ್ಪನ ಗುಡಿಗೆ ಹೋಗಿ ಕಾಯಿ ಕೊಟ್ಟರು.

"ಯಾರ ಹೆಸರಲೇರಿ ಬಾಯಾರ?" ಎಂದ ಪೂಜಾರಿ.

"ಭೀಮಶಿ ಅಂತ. ಡ್ರೈವರ ಅದಾನ. ಜೇಲನ್ಯಾಗ ಕೂತಾನ."

"ಏನಾಗಬೇಕ್ರಿ ನಿಮಗ?"

"ಬೇಕಾದಾಂವ."

ಅಷ್ಟೇ ಹೇಳಿ ಬಂದರು. ಪೂಜಾರಿ ಒಳ್ಳೆಯವನು, ಆದರೆ ಬಾಯಿ ಸುಮ್ಮನಿರುವುದಲ್ಲ. ಬಾಯಾರಿಗೆ ಬೇಕಾದವನೊಬ್ಬ ಡ್ರೈವರ್ ಜೈಲಿನಲ್ಲಿದ್ದಾನೆ ಎಂಬ ಸುದ್ದಿ ಸಿಂದಗಿಯ ಬಜಾರು ದಾಟಿ, ಬಸ್ಸು ಹತ್ತಿ, ಮುದ್ದೇಬಿಹಾಳದಲ್ಲಿ ಮಗಳ ಅತ್ತೆಯ ಕಿವಿಗೆ ಬಿತ್ತು. ಮುಂದಿನ ವಾರ ಅತ್ತೆ ಸೊಸೆ ಇಬ್ಬರೂ ಸಿಂದಗಿಗೆ ಬಂದಿಳಿದರು. ನನಗೆ ಕರೆ ಬಂತು, ಸಾಕ್ಷಿ ಹೇಳಲು. ನಾನು ಮೂರನೆಯ ಭಾಗದ ಮುಖಪುಟ ತೋರಿಸಿ, ಇವನೇ ನೋಡಿರಿ ಆ ಭೀಮಶಿ, ಇವನು ಹಾಳೆಯಲ್ಲಿರುವವನು ಎಂದು ಕೈಮುಗಿದು ತಿಳಿಸಿ ಹೇಳಿದೆ. ಮಗಳು ನಾಚಿಕೆಯಿಂದ ತಲೆ ಎತ್ತಲಿಲ್ಲ. ಬೀಗಿತ್ತಿ ಮುಖಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಿಂಗ ಪುಸ್ತಕದಾಗಿನ ಮನಶಾಗ ಯಾರರ ಕಾಯಿ ಒಡಸ್ತಾರೇನ್ರಿ ಬೀಗ್ರ?" ಎಂದರು.

"ಒಡಸಿದ್ದಕ್ಕ ಜಾಮೀನು ಸಿಕ್ತಲ್ರಿ!" ಎಂದರು ಬಾಯಾರು. ಆ ಶನಿವಾರ ಗುಡಿಯಿಂದ ಬಂದು ಮುಂದಿನ ಅಧ್ಯಾಯ ತೆರೆದಿದ್ದರು, ಭೀಮಶಿ ಹೊರಗೆ ಬಂದಿದ್ದ. ಪೂಜಾರಿಗೆ ಸಕ್ಕರೆಯನ್ನೂ ಕೊಟ್ಟಿದ್ದರು. ಬೀಗಿತ್ತಿ ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು, ಆಮೇಲೆ ತಡೆಯಲಾರದೆ ಗೋಡೆಗೆ ಒರಗಿ ನಕ್ಕರು. ನಗದೆ ಇದ್ದವಳು ಮಗಳೊಬ್ಬಳೇ. "ನಮ್ಮವ್ವ ನನ್ನ ಸಲುವಾಗಿ ಒಂದು ದಿನಾನೂ ಹಿಂಗ ಕಣ್ಣೀರ ಹಾಕಿಲ್ರಿ ಸರ್" ಎಂದು ನನ್ನ ಮುಂದೆ ಸಣ್ಣ ದನಿಯಲ್ಲಿ ಅಂದಳು. ಅವಳ ಬಾಣಂತನದಲ್ಲಿ ಜೀವಕ್ಕೇ ಬಂದಾಗಲೂ ತಾಯಿ ಕಣ್ಣು ಒದ್ದೆ ಮಾಡದೆ ಪಕ್ಕದಲ್ಲಿ ನಿಂತಿದ್ದಳಂತೆ. ಆ ಮಾತು ನನಗೆ ನಾಟಿತು.

ಒಮ್ಮೆ ನಾನು ನೇರವಾಗಿ ಕೇಳಿದೆ. ಭೀಮಶಿಯಲ್ಲಿ ಅಂಥದ್ದೇನು ಕಂಡಿರಿ, ಯಾರ ಹಾಗಾದರೂ ಇದ್ದಾನೆಯೇ ಎಂದು. ಊರಲ್ಲಿ ಜನ ಏನೇನೋ ಅನ್ನುತ್ತಿದ್ದರು. ಬಾಯಾರು, "ಏನೂ ಇಲ್ಲೋ ತಮ್ಮಾ. ಮಂದೀ ಸಲುವಾಗಿ ಗಾಡಿ ನಿಂದರಸಾಂವ ಅದಾನ. ಅಂಥಾವಂದು ಯಾರರ ಒಬ್ರು ಕಾಳಜಿ ಮಾಡಬೇಕಲ್ಲ" ಎಂದರು. "ದವಾಖಾನ್ಯಾಗ ನಾ ಅತ್ರ ಹೆರಿಗಿ ಬ್ಯಾನಿ ತಿನ್ನಾಕಿ ಏನ ಮಾಡಬೇಕು? ಅಲ್ಲಿ ಅಳಾಕ ಬರೂದಿಲ್ಲ. ಇಲ್ಲಿ ಅಳಾಕ ಬರತೈತಿ, ಅಳತೇನಿ" ಎಂದೂ ಸೇರಿಸಿದರು. ಮಗಳ ಮಾತನ್ನು ಅವರಿಗೆ ಹೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ನಾಲ್ಕನೆಯ ಭಾಗವನ್ನು ಬರೆದಾತ ಬಹಳ ಕೆಟ್ಟ ಕಡೆ ನಿಲ್ಲಿಸಿದ. ಹೊಳೆ ತುಂಬಿ ಹರಿಯುತ್ತಿದೆ. ದಂಡೆಯಲ್ಲಿ ಲಾರಿ ನಿಂತಿದೆ, ಬಾಗಿಲು ತೆರೆದಿದೆ, ದೀಪ ಉರಿಯುತ್ತಿದೆ. ಕೆಸರಿನಲ್ಲಿ ಒಂದು ಚಪ್ಪಲಿ. ಭೀಮಶಿ ಇಲ್ಲ. ಮುಗಿಯಿತು ಪುಸ್ತಕ! ಬಾಯಾರು ಗ್ರಂಥಾಲಯಕ್ಕೆ ಬಂದು, "ಹೆಣ ಸಿಕ್ಕಿಲ್ಲ. ಹೆಣ ಸಿಗೂತನಕ ಮನಷ್ಯಾ ಅದಾನಂತ ಲೆಕ್ಕ" ಎಂದು ಘೋಷಿಸಿದರು. ಪುಸ್ತಕ ಮಾತ್ರ ಮರಳಿ ಕೊಡಲಿಲ್ಲ. ಹೊಸ ಪ್ರತಿ ಕೊಂಡು ತಂದು ನನ್ನ ಮೇಜಿನ ಮೇಲಿಟ್ಟರು. ಹಳೆಯದು ಅವರ ಮನೆಯ ಕಬ್ಬಿಣದ ಅಲಮಾರಿಯ ಮೇಲೆ ಬೋರಲು ಬಿದ್ದಿತ್ತು, ಧೂಳು ಹತ್ತಬಾರದೆಂದು ಮೇಲೊಂದು ಬಿಳಿ ಬಟ್ಟೆ. ಐದನೆಯ ಭಾಗ ಬರಲಿಲ್ಲ. ವರ್ಷಗಳು ಹೋದವು. ನನಗೆ ಇಂಡಿಗೆ ವರ್ಗವಾಯಿತು. ನಾನು ಸಿಂದಗಿಗೆ ಹೋದಾಗಲೆಲ್ಲ ಚೀಲ ತುಂಬ ಇಂಡಿಯ ನಿಂಬೆಹಣ್ಣು ಒಯ್ಯುತ್ತಿದ್ದೆ. ಬಾಯಾರು ಹಣ್ಣು ಒಳಗಿಟ್ಟು, ಬರಿಗೈ ನೋಡಿ, "ಬರಲಿಲ್ಲಲ್ಲ ಇನ್ನಾ" ಎನ್ನುತ್ತಿದ್ದರು. ಅಲಮಾರಿಯ ಮೇಲಿನ ಆ ಬಿಳಿ ಬಟ್ಟೆ ಹಾಗೆಯೇ ಇರುತ್ತಿತ್ತು.

ಆಮೇಲೆ ಅವರಿಗೆ ಹೃದಯಾಘಾತವಾಯಿತು. ವಿಜಯಪುರದಲ್ಲಿ ಉಪಚಾರ ಮಾಡಿಸಿ ಮನೆಗೆ ಕರೆತಂದರು. ಮಗಳು ಮುದ್ದೇಬಿಹಾಳದ ಮನೆ ಬಿಟ್ಟು ಬಂದು ತಾಯಿಯ ಬಳಿ ನಿಂತಳು. ಎದೆಗೆ ಇನ್ನೊಂದು ಪೆಟ್ಟು ತಡೆಯುವ ಶಕ್ತಿ ಇಲ್ಲ, ಮನಸ್ಸಿಗೆ ತ್ರಾಸ ಆಗುವಂಥದ್ದು ಏನೂ ಬೇಡ ಎಂದು ಡಾಕ್ಟರು ಖಡಾಖಡಿ ಹೇಳಿದ್ದರು. ಅದಾಗಿ ಸ್ವಲ್ಪ ದಿನಕ್ಕೇ, ನೋಡಿ ಗ್ರಹಚಾರ, ಐದನೆಯ ಭಾಗ ಬಂತು. ಕೊನೆಯ ಭಾಗ ಎಂದು ಮುಖಪುಟದಲ್ಲೇ ಬರೆದಿತ್ತು.

ನಾನು ಸುದ್ದಿ ಮುಚ್ಚಿಟ್ಟೆ. ಆದರೆ ಸಿಂದಗಿ ಗ್ರಂಥಾಲಯದಲ್ಲಿ ಪೇಪರ್ ಓದುವ ಮುದುಕರಲ್ಲಿ ಒಬ್ಬರು ಬಾಯಾರನ್ನು ಮಾತಾಡಿಸಲು ಹೋಗಿ ಹೇಳಿಬಿಟ್ಟರು. ಬಾಯಾರ ಫೋನ್ ಬಂತು: "ಭಾನುವಾರ ತಗೊಂಡು ಬಾ." ಬೆನ್ನಿಗೇ ಮಗಳ ಫೋನ್: "ಸರ್, ತಂದ್ರ ನೋಡ್ರಿ. ಉಪ್ಪು ಬಿಡಿಸೇನಿ, ಅದನ್ನೂ ಬಿಡಸ್ತೇನಿ."

ಬರಿಗೈಯಲ್ಲಿ ಹೋಗಬೇಕೆಂದುಕೊಂಡೇ ಹೊರಟೆ. ಆದರೆ ಪುಸ್ತಕ ಚೀಲದಲ್ಲಿತ್ತು, ಸುಳ್ಳೇಕೆ ಹೇಳಲಿ. ತಾಯಿ ಮಗಳ ಜಗಳ ಬಾಗಿಲಿಗೇ ಕೇಳಿಸುತ್ತಿತ್ತು.

"ಓದಿದ್ರ ಎದಿ ಬಡಕೋತೈತಿ, ಖರೆ ಐತಿ. ಓದಲಿಲ್ಲಂದ್ರ ಅಂವ ಬದಕ್ಯಾನೋ ಇಲ್ಲೋ ಅಂತ ಇನ್ನಾ ಹೆಚ್ಚಿಗಿ ಬಡಕೋತೈತಿ. ನಲವತ್ತು ವರ್ಷ ದವಾಖಾನಿ ನೋಡೇನಿ, ನನಗ ಹೇಳಬ್ಯಾಡ ನೀ."

"ನಿನಗೇನರ ಆದ್ರ ನಾ ಏನ ಮಾಡ್ಲಿ ಅವ್ವಾ? ಅಂವ ಬಂದು ನೋಡ್ತಾನೇನು ನಿನ್ನ, ಆ ಭೀಮಶಿ?"

ನಾನು ಒಳಗೆ ಹೋದಾಗ ಬಾಯಾರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಕೊನೆಗೆ ನಾನೇ ನಡುವೆ ಬಾಯಿ ಹಾಕಿ ಒಂದು ರಾಜಿ ಮಾಡಿಸಿದೆ. ಬಾಯಾರು ತಾವೇ ಓದುವ ಹಾಗಿಲ್ಲ. ಭಾನುವಾರ ನಾನು ಬಂದು ಅರ್ಧ ತಾಸು ಓದಿ ಹೇಳಬೇಕು. ಓದುವ ಮುಂಚೆ, ಓದಿದ ಮೇಲೆ ಮಗಳು ಬಿಪಿ ನೋಡಬೇಕು. ನಾನು ಮೊದಲೇ ಓದಿಕೊಂಡು ಬಂದು, ಭೀಮಶಿ ಕ್ಷೇಮವಾಗಿರುವ ಜಾಗಕ್ಕೆ ಸರಿಯಾಗಿ ನಿಲ್ಲಿಸಬೇಕು. ಮಗಳು ಒಲ್ಲದ ಮನಸ್ಸಿನಿಂದ ಹೂಂ ಎಂದಳು.

ಮೊದಲ ಅಧ್ಯಾಯದಲ್ಲೇ ಭೀಮಶಿ ಆಚೆ ದಂಡೆಯಲ್ಲಿ, ಒಂದು ಆಕಳ ಕರು ಎದೆಗವಚಿಕೊಂಡು ಬದುಕಿ ಕೂತಿದ್ದ. ಬಾಯಾರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ನೋಡಬೇ, ಹೇಳಿದ್ದಿಲ್ಲಾ" ಎಂದು ಮಗಳಿಗೆ ಅಂದು, "ಅಲಮಾರಿ ಮ್ಯಾಲಿಂದು ತಗದು ಮುಚ್ಚು ಈಗ" ಎಂದರು. ಮಗಳು ಸ್ಟೂಲು ಹತ್ತಿ, ಬಿಳಿ ಬಟ್ಟೆ ಸರಿಸಿ, ನಾಲ್ಕನೆಯ ಭಾಗವನ್ನು ಕೆಳಗಿಳಿಸಿದಳು. ಅಷ್ಟು ವರ್ಷ ತೆರೆದೇ ಇದ್ದ ಪುಸ್ತಕ, ಮುಚ್ಚಲು ಬರಲೇ ಇಲ್ಲ. ಅವಳು ಅದರ ಮೇಲೆ ಗೋಧಿಯ ಡಬ್ಬಿ ಇಟ್ಟಳು.

ಹೀಗೆ ಭಾನುವಾರಗಳು ನಡೆದವು. ಮಗಳು ಮೊದಮೊದಲು ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಆಮೇಲೆ ಬಾಗಿಲಿಗೆ ಬಂದು ನಿಂತಳು. ಆಮೇಲೆ ಹೊಸ್ತಿಲಲ್ಲಿ ಕೂತು ಮೆಂತ್ಯೆಪಲ್ಲೆ ಸೋಸತೊಡಗಿದಳು. ಒಂದು ವಾರ ಭೀಮಶಿ ಮತ್ತೆ ಯಾರಿಗೋ ಗಾಡಿ ನಿಲ್ಲಿಸಿದಾಗ, "ಇವಂಗ ಬುದ್ಧಿ ಬರೂದಿಲ್ಲ ನೋಡು" ಎಂದು ಅವಳ ಬಾಯಿಂದಲೇ ಬಂತು. ತಾಯಿ ಮಗಳು ಮುಖ ಮುಖ ನೋಡಿಕೊಂಡು ನಕ್ಕರು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮೊದಲ ವಾರವೇ ಇಡೀ ಪುಸ್ತಕ ಓದಿ ಮುಗಿಸಿದ್ದೆ. ಬರೆದಾತ ಕೊನೆಯ ಅಧ್ಯಾಯದಲ್ಲಿ ಭೀಮಶಿಯನ್ನು ಉಳಿಸಿರಲಿಲ್ಲ. ಅದನ್ನು ಓದಿದ ದಿನ ತಟ್ಟೆಯ ಮುಂದೆ ಸುಮ್ಮನೆ ಕೂತದ್ದನ್ನು ಕಂಡು ನನ್ನ ಹೆಂಡತಿ, "ಯಾರ ಹೋದ್ರು?" ಎಂದಳು. ಭೀಮಶಿ ಎಂದು ಹೇಳಲು ನಾಚಿಕೆಯಾಯಿತು. ಜನ್ಮವೆಲ್ಲ ಇಂಥ ಓದುಗರನ್ನು ನೋಡಿ ನಕ್ಕವನು ನಾನು! ಬಾಯಾರಿಗೆ ಇದನ್ನು ಓದಿ ಹೇಳಿದರೆ ಅವರ ಎದೆ ತಡೆಯುತ್ತದೆಯೇ? ಬೇರೆ ಕೊನೆ ಕಟ್ಟಿ ಓದೋಣವೆಂದರೆ ನನಗೆ ಕತೆ ಕಟ್ಟಲು ಬರುವುದಿಲ್ಲ, ಬಾಯಾರಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವವರು ನಮ್ಮ ಸೀಮೆಯಲ್ಲೇ ಇಲ್ಲ. ಪ್ರತಿ ವಾರ ಉಳಿದ ಹಾಳೆಗಳು ತೆಳ್ಳಗಾಗುತ್ತಿದ್ದವು.

ಕೊನೆಗೂ ಆ ಭಾನುವಾರ ಬಂತು. ಅಂದಿನ ಅಧ್ಯಾಯದಲ್ಲಿ ಭೀಮಶಿ ಮನೆಗೆ ಬರುತ್ತಾನೆ. ಐದು ಭಾಗಗಳಲ್ಲಿ ಅದೇ ಮೊದಲು. ಲಾರಿಯನ್ನು ಊರ ಹೊರಗೆ ನಿಲ್ಲಿಸಿ ನಡೆದು ಬರುತ್ತಾನೆ. ಸೋದರತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೆಮ್ಮಿದ ಸದ್ದಿನಿಂದಲೇ ಗುರುತು ಹಿಡಿಯುತ್ತಾಳೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ, ಕೆನೆ ಮೊಸರು. ಉಂಡು, ಕೈ ತೊಳೆದು, ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಮಲಗುತ್ತಾನೆ. ಅತ್ತೆ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಾಳೆ.

ಅಲ್ಲಿಗೆ ಅಧ್ಯಾಯ ಮುಗಿಯಿತು. ನಾನು ನೀರು ಕುಡಿದೆ. ಉಳಿದದ್ದು ಒಂದೇ ಅಧ್ಯಾಯ.

ಬಾಯಾರು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಮುಚ್ಚು" ಎಂದರು.

"ಮುಂದಿನ ವಾರ ಉಳಿದದ್ದು..." ಎಂದು ನಾನು ತೊದಲಿದೆ.

"ಉಳಿದದ್ದು ಬ್ಯಾಡ."

"ಇನ್ನಾ ಒಂದು ಅಧ್ಯಾಯ ಐತ್ರಿ ಬಾಯಾರ."

"ಐತಿ ಅನ್ನೂದು ನನಗ ಕಾಣತೈತೋ. ಬರಾ ಬರಾ ನಿನ್ನ ಮಾರಿ ಸಣ್ಣ ಆಗಾಕತ್ತಿದ್ದೂ ಕಂಡೇನಿ. ವಾರ್ಡಿನ ಹೊರಗ ನಿಂತವರ ಮಾರಿ ನೋಡ್ಕೋತನ ಮುದುಕಿ ಆದಾಕಿ ನಾ." ಅವರ ದನಿ ಏರಲಿಲ್ಲ. ನಡುಗಲೂ ಇಲ್ಲ. "ಉಂಡು ಮಲಗ್ಯಾನ. ಎಬ್ಬಸಬ್ಯಾಡ."

ನಾನು ಪುಸ್ತಕ ಮುಚ್ಚಿದೆ. ಮಗಳು ಬಿಪಿ ನೋಡಿದಳು, ಏರಿರಲಿಲ್ಲ. ಬಾಯಾರು, "ನಿಂಬಿಹಣ್ಣಿನ ಪಾನಕಾ ಮಾಡವಾ, ತಮ್ಮ ಬಿಸಲಾಗ ಬಂದಾನ" ಎಂದರು. ಪುಸ್ತಕವನ್ನು ಅಲ್ಲೇ ಅವರ ತಲೆದಿಂಬಿನ ಹತ್ತಿರ ಬಿಟ್ಟು ಬಂದೆ.

ಅದಾದ ಮೇಲೂ ಕೆಲವು ತಿಂಗಳು ಇದ್ದರು. ನಾನು ಹೋದಾಗ ಭೀಮಶಿಯ ಮಾತು ಬಾರದೆ ಇರುತ್ತಿರಲಿಲ್ಲ. ಆದರೆ ಹಳೆಯ ಗಾಬರಿ ಇರಲಿಲ್ಲ, ನೆರೆಮನೆಯ ಹುಡುಗನ ಮಾತು ಆಡಿದ ಹಾಗೆ. "ಸುಗ್ಗಿ ಬಂತು, ಬಾಡಿಗಿ ಹಿಡದಿರಬೇಕು ಅಂವ" ಎನ್ನುವರು. ಮಗಳು, "ಹಿಡದಿರತಾನ ತಗೋ, ಮನ್ಯಾಗ ಕೂಡಾವ ಅಲ್ಲ ಅಂವ" ಎನ್ನುವಳು. ಶ್ರಾವಣದ ಒಂದು ಮುಂಜಾನೆ ಬಾಯಾರು ಹೋದರು. ಇಡೀ ಸಿಂದಗಿ ಬಂದಿತ್ತು. ಮಗಳು ಕಣ್ಣೀರು ಹಾಕದೆ ನಿಂತು ಎಲ್ಲ ಮಾಡಿಸಿದಳು, ಥೇಟ್ ತಾಯಿಯಂತೆ. ಕಲ್ಲೆದೆ ಎಂದು ಅಲ್ಲೇ ಯಾರೋ ಅಂದರು.

ದಸರೆ ಕಳೆದ ಮೇಲೆ ಅವಳು ಇಂಡಿಗೆ ಬಂದು ಐದನೆಯ ಭಾಗವನ್ನು ನನ್ನ ಮೇಜಿನ ಮೇಲಿಟ್ಟಳು. ಅದರ ಬೆನ್ನು ಸರಿಯಾಗಿತ್ತು, ಒಂದು ಗೆರೆ ಕೂಡ ಬಿರಿದಿರಲಿಲ್ಲ. ಕೂಡು ಎಂದರೂ ಕೂಡದೆ ಸೆರಗಿನ ತುದಿ ಹೊಸೆಯುತ್ತಾ ನಿಂತಳು.

"ಸರ್, ನೀವು ಪೂರ್ತಿ ಓದೀರಲ್ಲ. ಕಡೀಗಿ ಏನಾತ್ರಿ ಅವಂಗ?"

ಪುಸ್ತಕದ ವಿಷಯದಲ್ಲಿ ಓದುಗರಿಗೆ ಎಂದೂ ತಪ್ಪು ಹೇಳಿದವನಲ್ಲ ನಾನು. ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಮನೀಗಿ ಬಂದನವ್ವಾ. ಉಂಡ. ಮಲಗಿದ."

"ಅಷ್ಟನ?"

"ಅಷ್ಟ."

ಅವಳು ತಲೆಯಾಡಿಸಿದಳು. ಹೋಗಲು ತಿರುಗಿದವಳು ಅಲ್ಲೇ ನಿಂತಳು, ಮುಂದಿನ ಕುರ್ಚಿಯ ಮೇಲೆ ಕುಸಿದು ಕೂತಳು. ತಾಯಿ ಸತ್ತ ದಿನ ಅಳದ ಹೆಣ್ಣುಮಗಳು ಆ ದಿನ, ಇಂಡಿಯಲ್ಲೂ ನಾನು ಬರೆಸಿದ್ದ 'ಗದ್ದಲ ಮಾಡಬೇಡಿ' ಎಂಬ ಫಲಕದ ಕೆಳಗೆ ಕೂತು, ಓದುವವರೆಲ್ಲ ತಿರುಗಿ ನೋಡುವ ಹಾಗೆ, "ಯವ್ವಾ, ಯವ್ವಾ" ಎಂದು ದನಿ ತೆಗೆದು ಅತ್ತಳು. ನಾನು ಯಾರಿಗೂ ಸುಮ್ಮನಿರಿ ಎನ್ನಲಿಲ್ಲ.